ತುತ್ತೂರಿ ಚೆನ್ನಪ್ಪ ಬೊಂಬಾಯಿಯಲ್ಲಿಲ್ಲ

ನಾನು ರೇಡಿಯೋ ಕೆಲಸಕ್ಕೆ ಸೇರಿದಾಗ ಸಂಭಾಷಣೆಯನ್ನೂ ಬರೆದಿಟ್ಟುಕೊಂಡು ಓದುತ್ತಿದ್ದೆವು. ಪ್ರಶ್ನೆಯನ್ನು ನಾವೇ ಬರೆಯಬೇಕು, ಉತ್ತರವನ್ನೂ ನಾವೇ ಬರೆಯಬೇಕು. ಬಂದ ಅತಿಥಿಗಳು ತಮ್ಮದೇ ಬದುಕನ್ನು ನಮ್ಮ ಅಕ್ಷರದಲ್ಲಿ ನೋಡಿ, ಒಮ್ಮೆ ಕೆಮ್ಮಿ, ಶಾಲೆಯ ಪಾಠದ ಹಾಗೆ ಒಪ್ಪಿಸಿ, ವಂದಿಸಿ ಹೋಗುತ್ತಿದ್ದರು. ಈಗ ಕೆಲಸಕ್ಕೆ ಬರುತ್ತಿರುವ ಮಕ್ಕಳಿಗೆ ಇದನ್ನು ಹೇಳಿದರೆ ನಗುತ್ತಾರೆ. ನಗಲಿ, ನಗುವ ವಿಷಯವೇ. ಎದುರಿಗಿರುವವರು ಏನು ಹೇಳಿಬಿಡುತ್ತಾರೋ ಗೊತ್ತಿಲ್ಲದೆ ಬರಿಗೈಲಿ ಪ್ರಶ್ನೆ ಕೇಳುವುದನ್ನು ನಾವು ಆಮೇಲೆ ಕಲಿತೆವು. ನನಗೆ ಕಲಿಸಿದವರು ಶಿರಾದ ಒಬ್ಬ ಬ್ಯಾಂಡ್ ಮಾಸ್ತರರು.

ಅರವತ್ತರ ದಶಕದ ಮೊದಲ ವರ್ಷಗಳು. ಹಳ್ಳಿಯ ಕೇಳುಗರ ಕಾರ್ಯಕ್ರಮಕ್ಕೆ ವಾದ್ಯಗಾರರನ್ನು ಅವರವರ ಊರಿನಲ್ಲೇ ಮಾತನಾಡಿಸಿ ಬರುವ ಕೆಲಸವನ್ನು ನಮ್ಮ ಮೇಲಧಿಕಾರಿ ರಾಘವಾಚಾರ್ಯರು ನನಗೆ ವಹಿಸಿದರು. ಆಚಾರ್ಯರು ವೀಣೆಯವರು. ಕಿವಿ ಬಹಳ ಸೂಕ್ಷ್ಮ, ನಾಲಿಗೆ ಅದಕ್ಕಿಂತ ಸೂಕ್ಷ್ಮ. ಹೆಣ್ಣುಮಗಳನ್ನು ಜೀಪಿನಲ್ಲಿ ಊರೂರು ಕಳಿಸುತ್ತೀರಲ್ಲ ಎಂದು ಆಫೀಸಿನಲ್ಲಿ ಯಾರೋ ಆಕ್ಷೇಪಿಸಿದಾಗ, "ಸರೋಜಮ್ಮ ಹೋದರೆ ಅಡಿಗೆಮನೆಯವರೂ ಮಾತಾಡುತ್ತಾರೆ. ನೀನು ಹೋದರೆ ನಾಯಿ ಕೂಡ ಮಾತಾಡುವುದಿಲ್ಲ" ಎಂದು ಅವರ ಬಾಯಿ ಮುಚ್ಚಿಸಿದ್ದರು. ನನ್ನ ಜೊತೆಗೆ ತಂತ್ರಜ್ಞ ದೊರೆಸ್ವಾಮಿ. ಹೊತ್ತರೆ ಹೆಗಲು ಇಳಿದುಹೋಗುವಷ್ಟು ಭಾರದ ಟೇಪ್ ರೆಕಾರ್ಡರನ್ನು ಅವನು ಬಾಣಂತಿಯ ಹಾಗೆ ನೋಡಿಕೊಳ್ಳುತ್ತಿದ್ದ.

ಶಿರಾದಲ್ಲಿ ಅಬ್ದುಲ್ ರಜಾಕ್ ಸಾಹೇಬರ ಬ್ಯಾಂಡ್ ಸೆಟ್ಟಿಗೆ ಸುತ್ತಲಿನ ನಾಲ್ಕೂ ತಾಲ್ಲೂಕುಗಳಲ್ಲಿ ಹೆಸರಿತ್ತು. ಮದುವೆಯ ಕಾಲದಲ್ಲಿ ಕೆಂಪು ಕೋಟು ತೊಟ್ಟು ಕ್ಲಾರಿನೆಟ್ ಊದುತ್ತ ಮುಂದೆ ನಡೆಯುವರು. ಉಳಿದ ದಿನಗಳಲ್ಲಿ ಮನೆಯಲ್ಲೇ ಹತ್ತಿ ಹಿಂಜಿ ಹಾಸಿಗೆ ಹೊಲಿಯುವರು. ನಾನು ರೂಢಿಯಂತೆ ಅವರ ಉತ್ತರಗಳನ್ನೂ ಚೆಂದದ ಕನ್ನಡದಲ್ಲಿ ಬರೆದುಕೊಂಡು ಹೋಗಿದ್ದೆ. 'ನಾದದೇವಿಯ ಆರಾಧನೆಯೇ ನನ್ನ ಜೀವನದ ಪರಮ ಗುರಿ' ಎಂದು ಮೊದಲ ಉತ್ತರ. ಸಾಹೇಬರು ಅದನ್ನು ನಿಧಾನವಾಗಿ ಕೂಡಿಸಿ ಓದಿ ಕಾಗದವನ್ನು ನನ್ನ ಮಡಿಲಿಗಿಟ್ಟರು.

"ಬೇಟಿ, ಇದ್ರಾಗೆ ಅಬ್ದುಲ್ ರಜಾಕ್ ಅಂತ ಯಾರೋ ಭಾರಿ ದೊಡ್ಡ ಮನುಷ್ರು ಅವ್ರೆ. ಅವ್ರನ್ನೇ ಕರಸ್ಬುಡಿ. ನಂಗಿಷ್ಟು ಬರಾಕಿಲ್ಲ."

ಒಳಗಿನಿಂದ ಅವರ ಹೆಂಡತಿ ಜೈನಾಬಿ ಕಿಸಕ್ಕನೆ ನಕ್ಕರು. ದೊರೆಸ್ವಾಮಿಯೂ ನಕ್ಕ. ನಾನು ಕಾಗದ ಮಡಿಚಿ ಚೀಲಕ್ಕೆ ಹಾಕಿ, "ಹಾಗಾದರೆ ನೀವೇ ಹೇಳಿ ಸಾಹೇಬರೇ, ಮೊದಲು ವಾದ್ಯ ಹಿಡಿದದ್ದು ಹೇಗೆ?" ಎಂದೆ. ಬರೆಯದೆ ಕೇಳಿದ ನನ್ನ ಮೊದಲ ಪ್ರಶ್ನೆ ಅದು.

"ವಾದ್ಯ ಆಮ್ಯಾಕೆ. ಮೊದ್ಲು ನಮ್ಮಪ್ಪನ ಬಿಲ್ಲು" ಎಂದು ಅವರು ಗೋಡೆಗೆ ತೂಗುಹಾಕಿದ್ದ ಹತ್ತಿ ಹಿಂಜುವ ದೊಡ್ಡ ಬಿಲ್ಲನ್ನು ತೋರಿಸಿದರು. "ತಂತಿ ಮ್ಯಾಲೆ ಹೊಡುದ್ರೆ ಟಂಯ್-ಟ, ಟಂಯ್-ಟ. ಒಂದು ಉದ್ದ, ಒಂದು ಗಿಡ್ಡ. ತೊಟ್ಲಾಗೆ ಮಲ್ಗಿದ್ದಾಗ್ನಿಂದ ಅದೇ ನನ್ ಕಿವೀಲಿ. ಯುದ್ಧದ ಕಾಲ್ದಾಗೆ ಬೆಂಗ್ಳೂರು ದಂಡಿಗೆ ಹೋದೆ, ಅಲ್ಲಿ ದೊರೆಗಳು ಕುಣಿಯೋ ಹಾಲ್ನಾಗೆ ಕ್ಲಾರಿನೆಟ್ ಊದೋ ಕೆಲ್ಸ ಸಿಕ್ತು. ಅಮೇರಿಕಾ ಸಿಪಾಯಿಗಳು ಬರೋರು. ಅವ್ರಾಗೆ ವಿಲಿಯಮ್ ಅಂತ ಒಬ್ರು, ನಮಗಿಂತ ಕಪ್ಪು, ನಮಗಿಂತ ಎತ್ರ. ಅವ್ರೂ ಕ್ಲಾರಿನೆಟ್ನೋರೇ. ಒಂದಿನ ನಾನು ಸ್ವರ ಬರ್ದಿದ್ದ ಕಾಗ್ದ ನೋಡ್ಕೊಂಡು ಊದ್ತಿದ್ರೆ, ಬಂದು ಆ ಕಾಗ್ದ ತೆಗ್ದು ಕಿಟ್ಕೀಲಿಟ್ರು. ಈಗ ಊದು ಅಂದ್ರು. ಏನಂತ ಊದ್ಲಿ? ಕಣ್ ಮುಚ್ಕೊಂಡೆ, ಅಪ್ಪನ ಬಿಲ್ಲು ಗ್ಯಾಪ್ಕ ಬಂತು. ಟಂಯ್-ಟ, ಟಂಯ್-ಟ. ಅದ್ರ ಮ್ಯಾಲೆ ಊದ್ದೆ. ವಿಲಿಯಮ್ ಎದ್ದು ಕುಣುದ್ಬುಟ್ರು. ಇದೇ ಜಾಜು, ಇದೇ ಜಾಜು ಅಂದ್ರು."

"ಅವರಿಗೆ ಬಿಲ್ಲಿನ ವಿಷಯ ಹೇಳಿದಿರಾ?"

"ಹೇಳ್ದೆ. ನನ್ ಇಂಗ್ಲೀಷು ಅಷ್ಟೇ, ಕೈಯಾಗೆ ತೋರ್ಸ್ದೆ. ಅವ್ರಜ್ಜಿ ಹತ್ತಿ ಹೊಲ್ದಾಗೆ ಹತ್ತಿ ಬಿಡಿಸ್ತಾ ಹಾಡೋರಂತೆ. ನಿಮ್ಮಜ್ಜಿ ಬಿಡ್ಸಿದ್ದು, ನಮ್ಮಪ್ಪ ಹಿಂಜಿದ್ದು, ಎಲ್ಲಾ ಒಂದೇ ಹತ್ತಿ ಅಂದೆ. ಇಬ್ರೂ ನಕ್ಕಿದ್ದೇ ನಕ್ಕಿದ್ದು."

ಆ ಬ್ಯಾಂಡಿನಲ್ಲಿ ನಮ್ಮ ಸೀಮೆಯವರೇ ಮೂವರಿದ್ದರಂತೆ. ಕ್ಲಾರಿನೆಟ್ಟಿಗೆ ಇವರು, ಡ್ರಮ್ಮಿಗೆ ಪಾವಗಡದ ನರಸಿಂಹುಲು, ಟ್ರಂಪೆಟ್ಟಿಗೆ ತೋವಿನಕೆರೆಯ ಚೆನ್ನಪ್ಪ. ಚೆನ್ನಪ್ಪನ ಹೆಸರು ಬಂದೊಡನೆ ಸಾಹೇಬರ ದನಿ ಬದಲಾಯಿತು. ಯುದ್ಧ ಮುಗಿದು ಹಾಲ್ ಮುಚ್ಚಿದ ಮೇಲೆ ಅವನು ಬೊಂಬಾಯಿಗೆ ಹೋದನಂತೆ. "ಸಿನಿಮಾ ಹಾಡ್ನಾಗೆ ತುತ್ತೂರಿ ಕೇಳುಸ್ತು ಅಂದ್ರೆ ಎಲ್ರಿಗೂ ಹೇಳ್ತೀನಿ, ಸುಮ್ಕಿರ್ರೋ, ಅವ್ನು ನಮ್ ಚೆನ್ನ ಅಂತ. ನಾನು ಮದ್ವೆಗೆ ಊದ್ಕೊಂಡು ಇಲ್ಲೇ ಉಳ್ದೆ. ಅವ್ನು ಗೆದ್ಬುಟ್ಟ ಬೇಟಿ. ನಮ್ ಮೂರು ಜನದಾಗೆ ಒಬ್ಬನಾದ್ರೂ ಗೆದ್ದ."

ಇಷ್ಟೂ ಟೇಪಿನಲ್ಲಿ ಬಂತು. ಬೆಂಗಳೂರಿಗೆ ಮರಳಿ ಕೇಳಿಸಿದಾಗ, ಅಮೇರಿಕಾದ ಜಾಝ್ ಸಂಗೀತವನ್ನು ಎಂದೂ ಕೇಳದ ರಾಘವಾಚಾರ್ಯರು ಹುಬ್ಬೇರಿಸಿದರು. "ನನಗೆ ಜಾಜಿ ಹೂವು ಗೊತ್ತು. ಇದು ಯಾವ ಜಾಜಮ್ಮ?" ಆದರೂ ಬಿಲ್ಲಿನ ಮಾತು ಅವರಿಗೆ ಹಿಡಿಸಿತ್ತು. "ಮಾತು ಮುಕ್ಕಾಲು, ಊದುವುದು ಕಾಲು. ಉಳಿದ ಇಬ್ಬರಲ್ಲಿ ಸಿಕ್ಕವರನ್ನೂ ಮಾತಾಡಿಸಿಕೊಂಡು ಬಾ" ಎಂದು ಪ್ರಸಾರದ ದಿನವನ್ನೂ ಗೊತ್ತುಮಾಡಿಬಿಟ್ಟರು.

ಹಾಗೆ ಪಾವಗಡಕ್ಕೆ ಹೋದೆವು. ನರಸಿಂಹುಲು ಕಡಲೆಕಾಯಿ ಮಂಡಿಯಲ್ಲಿ ಮೂಟೆಗಳ ಮೇಲೆ ಕುಳಿತಿದ್ದರು. ದುಂಡು ಮುಖ, ಸದಾ ತಾಳ ಹಾಕುತ್ತಿರುವ ಬೆರಳು. ಡ್ರಮ್ ಮಾರಿ ಎಷ್ಟೋ ಕಾಲವಾಗಿದ್ದರೂ ಮೂಟೆ, ತಕ್ಕಡಿ, ನನ್ನ ಜೀಪಿನ ಬಾಗಿಲು, ಯಾವುದನ್ನೂ ಬಿಡದೆ ಬಾರಿಸಿದರು. ವಿಲಿಯಮ್ ಅವರ ಬೂಟಿನ ಸದ್ದನ್ನು ಮೂಟೆಯ ಮೇಲೆ ನುಡಿಸಿ ತೋರಿಸಿದರು. ಮಾತು ಮುಗಿಯುತ್ತ ಬಂದಾಗ, "ಚೆನ್ನಪ್ಪನವರು ಬೊಂಬಾಯಿಯಿಂದ ಈ ಕಡೆ ಯಾವತ್ತಾದರೂ ಬರುತ್ತಾರಾ?" ಎಂದು ಸುಮ್ಮನೆ ಕೇಳಿದೆ.

"ಬೊಂಬಾಯಿಂದಾನಾ? ಹೋದ್ವಾರ ಹೊಳವನಹಳ್ಳಿ ಸಂತೇಲಿ ಸಿಕ್ಕಿದ್ನಲ್ಲಮ್ಮಾ, ಕಾಫಿ ಕುಡಿದ್ವಿ" ಎಂದವರು ಥಟ್ಟನೆ ಬಾಯಿಯ ಮೇಲೆ ಕೈ ಇಟ್ಟುಕೊಂಡು ಗಾಬರಿಯಲ್ಲಿ ತೆಲುಗಿಗೆ ಹೊರಳಿದರು. "ಅಯ್ಯೋ ರಾಮಾ! ನೋರು ಜಾರಿಪೋಯಿಂದಿ ಕದಾ! ಯಾರ್ಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ದ ಕಣಮ್ಮಾ. ರಜಾಕಣ್ಣಂಗೆ ಮಾತ್ರ ತೆಲೀಕೂಡದು, ಗೊತ್ತಾಗ್ಲೇಬಾರ್ದು, ನಿಮ್ ಕಾಲಿಗೆ ಬೀಳ್ತೀನಿ."

ಜಾರಿದ ಬಾಯಿಯಿಂದ ಉಳಿದದ್ದೂ ಹೊರಬಂತು. ಚೆನ್ನಪ್ಪ ಬೊಂಬಾಯಿಗೆ ಹೋದದ್ದು ನಿಜ, ಸ್ಟುಡಿಯೋಗಳಲ್ಲಿ ಊದಿದ್ದೂ ನಿಜ. ಒಂದು ಮಳೆಗಾಲ ಟ್ರಾಮಿನಿಂದ ಇಳಿಯುವಾಗ ಜಾರಿ ಬಿದ್ದು ಮುಂದಿನ ಹಲ್ಲುಗಳು ಹೋದವು, ತುಟಿ ಸೀಳಿತು. ಟ್ರಂಪೆಟ್ಟಿನವನಿಗೆ ತುಟಿ ಹೋದರೆ ಕೈ ಹೋದ ಹಾಗೆ. ಅವನು ತನ್ನ ತೋವಿನಕೆರೆಗೆ ಬರಲಿಲ್ಲ. ಹೆಂಡತಿಯ ಊರಾದ ಹೊಳವನಹಳ್ಳಿಯಲ್ಲಿ ಮಾವನ ಹಿಟ್ಟಿನ ಮಿಲ್ಲು ನೋಡಿಕೊಂಡು ನಿಂತುಬಿಟ್ಟ.

ಜೀಪು ಹತ್ತಿದ ಮೇಲೆ ನನಗೆ ಸಂಕಟ ಶುರುವಾಯಿತು. ಪ್ರಸಾರದ ದಿನ ಗೊತ್ತಾಗಿತ್ತು. ರಜಾಕ್ ಸಾಹೇಬರ ಮಾತು ಹಾಗೇ ಹೋದರೆ ಹೊಳವನಹಳ್ಳಿಯ ಪಂಚಾಯ್ತಿ ರೇಡಿಯೋದ ಮುಂದೆ ಕುಳಿತ ಜನರೆಲ್ಲ ಕೇಳುತ್ತಾರೆ. ಬೊಂಬಾಯಿಯಲ್ಲಿ ಗೆದ್ದ ಚೆನ್ನಪ್ಪ ತಮ್ಮ ರಾಗಿ ಬೀಸುತ್ತಿದ್ದಾನೆ ಎಂದು ಆ ಮನುಷ್ಯನನ್ನು ಆಡಿಕೊಳ್ಳುತ್ತಾರೆ. ಆ ಮಾತನ್ನು ತೆಗೆದುಹಾಕಿದರೆ ಸಾಹೇಬರು ಕೇಳುತ್ತಾರೆ, ನನ್ನ ಚೆನ್ನನನ್ನು ಯಾಕೆ ಬಿಟ್ಟೆ ಬೇಟಿ ಎಂದು. ಆಗ ಏನು ಹೇಳಲಿ? ದೊರೆಸ್ವಾಮಿ ತನ್ನ ಪೆಟ್ಟಿಗೆಯ ಬ್ಲೇಡು ತೋರಿಸಿದ. ಆ ಕಾಲದಲ್ಲಿ ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುತ್ತಿದ್ದೆವು. "ಕತ್ತರಿಸೋದು ಕಷ್ಟವಲ್ಲ ಮೇಡಂ. ಆದರೆ ಅದು ಅವರಿಬ್ಬರ ಮಾತು. ನಾವು ಯಾರು?" ಎಂದ. ಚೆನ್ನಪ್ಪನನ್ನೇ ಕೇಳುವುದೆಂದು ತೀರ್ಮಾನಿಸಿದೆವು.

ಹೊಳವನಹಳ್ಳಿ ಬಸ್ ನಿಲ್ದಾಣದ ಪಕ್ಕದಲ್ಲೇ ಮಿಲ್ಲು. ರೆಪ್ಪೆ, ಮೀಸೆ, ಕಿವಿಯ ಕೂದಲೆಲ್ಲ ಹಿಟ್ಟಾಗಿದ್ದ ಸಣಕಲು ಮನುಷ್ಯ ರಾಗಿ ಸುರಿಯುತ್ತಿದ್ದ. ರಜಾಕ್ ಸಾಹೇಬರ ಹೆಸರು ಹೇಳಿದ್ದೇ ತಡ, ಯಂತ್ರ ನಿಲ್ಲಿಸಿದ. ಸಾಲಿನಲ್ಲಿದ್ದ ಹೆಂಗಸೊಬ್ಬಳು, "ಅಣ್ಣೋ, ಮನೇಲಿ ಮುದ್ದೆಗೆ ಹಿಟ್ಟಿಲ್ಲ ಕಣಣ್ಣೋ" ಎಂದು ಕೂಗಿದಳು. "ಒಸಿ ತಡಿಯವ್ವ" ಎಂದು ಅವನು ನಮ್ಮನ್ನು ಒಳಗೆ ಕರೆದು ಬಾಗಿಲು ಹಾಕಿದ. ನಾನು ಸುತ್ತಿಬಳಸದೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಆಮೇಲೆ ಮಿಲ್ಲಿನ ಕರೆಂಟಿಗೇ ರೆಕಾರ್ಡರ್ ಸಿಕ್ಕಿಸಿ ಸಾಹೇಬರ ಮಾತು ಕೇಳಿಸಿದೆವು.

ಚೆನ್ನಪ್ಪ ನಿಂತೇ ಕೇಳಿದ. 'ಒಬ್ಬನಾದ್ರೂ ಗೆದ್ದ' ಎಂಬಲ್ಲಿಗೆ ಬಂದಾಗ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕುಳಿತ. ಹಿಟ್ಟು ಮೆತ್ತಿದ ಕೆನ್ನೆಯ ಮೇಲೆ ಎರಡು ಗೆರೆ ಇಳಿದವು.

"ಅವ್ನ ಸೆಟ್ಟು ನಮ್ಮೂರ್ ಮದ್ವೆಗೆ ಬಂದಿತ್ತಮ್ಮ" ಎಂದ. "ನಾನು ಮಿಷನ್ ನಿಲ್ಸಿ, ಇಂಗೇ ಬಾಗ್ಲಾಕ್ಕೊಂಡು, ಈ ಗ್ವಾಡೆಗೆ ಕಿವಿ ಕೊಟ್ಕೊಂಡು ಕುಂತಿದ್ದೆ. ಎಂಥಾ ಉಸುರು ಅಂತೀರಾ ಅವುಂದು! ನನ್ ಜಾಗ ಬಂದಾಗೆಲ್ಲಾ ನಿಲ್ಲುಸ್ತಿದ್ದ, ನನ್ ತುತ್ತೂರಿ ಬರೋ ಜಾಗ. ಯಾರ್ಗೂ ಗೊತ್ತಾಗಾಕಿಲ್ಲ. ನಂಗೆ ಗೊತ್ತಾಯ್ತು."

"ಹೊರಗೆ ಬರಬೇಕಿತ್ತು" ಎಂದೆ.

"ಯಾವ ಮಕ ಇಟ್ಕಂಡು ಬರ್ಲಿ? ಅವ್ನು ಊರ್ಗೆಲ್ಲಾ ನನ್ನ ಬೆಟ್ಟದ್ ಮ್ಯಾಲೆ ಕೂರ್ಸವ್ನೆ."

ಆ ಮಾತನ್ನು ಕತ್ತರಿಸಿಬಿಡುತ್ತೇವೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ದೊರೆಸ್ವಾಮಿ ಹೇಳಿದ. ಚೆನ್ನಪ್ಪ ಟೇಪಿನ ಚಕ್ರವನ್ನೇ ನೋಡುತ್ತಿದ್ದ. "ಬ್ಯಾಡ. ಅಷ್ಟು ಪಿರೂತೀಲಿ ಹೇಳವ್ನೆ. ಅದ್ರ ಮ್ಯಾಲೆ ಬ್ಲೇಡು ಆಕ್ಬುಟ್ರೆ ನಂಗೆ ಅನ್ನ ಸೇರಾಕಿಲ್ಲ. ರೇಡಿಯೋ ಕೇಳ್ದೋರ್ ಬಾಯಿಂದ ಅವುಂಗೆ ಗೊತ್ತಾಗೋದೂ ಬ್ಯಾಡ. ನಾನೇ ಬತ್ತೀನಿ, ನಡೀರಿ" ಎಂದು ಎದ್ದು ಮೊದಲು ಸಾಲಿನಲ್ಲಿದ್ದವರ ರಾಗಿಯನ್ನೆಲ್ಲ ಬೀಸಿಕೊಟ್ಟ. ಆಮೇಲೆ ಮುಖ ತೊಳೆದು ಬಿಳಿ ಅಂಗಿ ಹಾಕಿಕೊಂಡು ಜೀಪು ಹತ್ತಿದ. ಹೆಂಡತಿ ಓಡಿಬಂದು ಒಂದು ಡಬ್ಬಿ ಹುರಿಹಿಟ್ಟು ತೊಡೆಯ ಮೇಲಿಟ್ಟಳು. "ಹಿಂದಕ್ಕೆ ಬರೋ ಅಷ್ಟ್ರಲ್ಲಿ ಮಾತಾಡ್ಬುಟ್ಟು ಬರ್ಬೇಕು" ಎಂದಳು, ಅಷ್ಟೇ.

ಕೊರಟಗೆರೆ ದಾಟುವವರೆಗೆ ಧೈರ್ಯವಾಗಿದ್ದ. ಮಧುಗಿರಿಯಲ್ಲಿ ಕಾಫಿಗೆಂದು ಇಳಿದಾಗ ಬೆಟ್ಟದ ಕಡೆಗೆ ಮುಖ ಮಾಡಿ ನಿಂತವನು ಕಾಫಿ ಲೋಟ ಹಾಗೇ ಇಟ್ಟುಬಿಟ್ಟ. "ಅಮ್ಮಾ, ನನ್ನ ಬಸ್ ಹತ್ಸಿ ಕಳ್ಸಿ. ನಾನ್ ವಾಪಸ್ ಹೋಯ್ತೀನಿ." ಬರೆದಿಟ್ಟುಕೊಂಡ ಪ್ರಶ್ನೆ ಇದ್ದಿದ್ದರೂ ಅಲ್ಲಿ ಉಪಯೋಗಕ್ಕೆ ಬರುತ್ತಿರಲಿಲ್ಲ. "ನಿಮ್ಮ ತುತ್ತೂರಿಯ ಜಾಗ ಬಂದಾಗ ಅವರು ನಿಲ್ಲಿಸುತ್ತಾರೆ ಅಂದಿರಲ್ಲ, ಆ ಜಾಗದಲ್ಲಿ ನೀವು ಏನು ಊದುತ್ತಿದ್ದಿರಿ?" ಎಂದೆ.

ಅವನು ಅತ್ತಿತ್ತ ನೋಡಿ, ತುಟಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ಬಾಯಲ್ಲೇ ಹಾಡಿದ. ಮಾತಿಲ್ಲ, ಸ್ವರದ ಹೆಸರೂ ಇಲ್ಲ. ಪ-ಪಾ, ಬ-ಪ-ಪಾ ಎಂದು ಏರಿ, ಮೇಲೆ ಹೋಗಿ ನಿಂತು, ಜಾರಿ ಕೆಳಗಿಳಿಯಿತು. ಹೋಟೆಲಿನ ಮಾಣಿ ದೋಸೆ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತ. ಚೆನ್ನಪ್ಪನ ಮುಂದಿನ ಹಲ್ಲಿಲ್ಲದ ಬಾಯಿಯಿಂದ ಹೊರಟದ್ದು ಥೇಟ್ ಹಿತ್ತಾಳೆಯ ದನಿ. ಮುಗಿಸಿದವನೇ ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, "ಹತ್ರಿ ಜೀಪು" ಎಂದ.

ಶಿರಾದಲ್ಲಿ ರಜಾಕ್ ಸಾಹೇಬರು ಪಡಸಾಲೆಯಲ್ಲಿ ಹತ್ತಿಯ ರಾಶಿಯ ನಡುವೆ ಕುಳಿತಿದ್ದರು. ತಲೆಯೆತ್ತಿ ನೋಡಿದರು. ಗುರುತು ಹಿಡಿಯಲು ಒಂದು ಕ್ಷಣವೂ ಬೇಕಾಗಲಿಲ್ಲ. ಮುಖ ಅರಳಿತು. ಆಮೇಲೆ ಚೆನ್ನಪ್ಪ ಬಾಯಿ ತೆರೆದು ಹಲ್ಲಿಲ್ಲದ ವಸಡು ತೋರಿಸಿದ. ಹೊಳವನಹಳ್ಳಿ, ಮಿಲ್ಲು, ಟ್ರಾಮು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ತಲೆ ತಗ್ಗಿಸಿದ. ಸಾಹೇಬರು ಎದ್ದುಬಂದು ಅವನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ತುಟಿಯ ಗಾಯ ನೋಡಿದರು. ನೋಡಿ, ಸಿಟ್ಟಿನಿಂದ ಬಯ್ಯತೊಡಗಿದರು.

"ಲೇ ಚೆನ್ನ! ಹಲ್ಲು ಹೋಯ್ತು, ತುಟಿ ಹೋಯ್ತು, ಸರಿ ಕಣ್ಲಾ. ಕಾಲು ಹೋಗಿತ್ತಾ? ಮಧುಗಿರಿ ಮ್ಯಾಲೆ ಬಸ್ ಬರ್ತದಲ್ಲೋ! ನನ್ ಮಗ್ಳ ನಿಕಾದಾಗೆ ಎಲ್ರೂ ಇದ್ರು, ನೀನಿರ್ಲಿಲ್ಲ. ನಮ್ಮಪ್ಪ ಸತ್ತಾಗ ಹೆಗಲು ಕೊಡಾಕೆ ನೀನಿರ್ಲಿಲ್ಲ. ಬೊಂಬಾಯಿ ದೂರ, ಪಾಪ, ಬರಾಕಾಗಾಕಿಲ್ಲ ಅಂತ ನಾನೇ ಸಮಾಧಾನ ಮಾಡ್ಕೊಂಡೆ. ಹೊಳವನಹಳ್ಳೀಲಿ ಕುಂತಿದ್ಯೇನ್ಲಾ ನೀನು!"

"ಗೆದ್ದವ್ನೆ ಅಂದ್ಕೊಂಡಿದ್ಯಲ್ಲಣ್ಣ..."

"ಗೆಲ್ಲೋದು ಹಾಳಾಗೋಗ್ಲಿ! ನೀನು ಇಲ್ಲೇ ಇದ್ಯಲ್ಲ!"

ಬಾಗಿಲ ಪರದೆಯ ಹಿಂದಿನಿಂದ ಜೈನಾಬಿಯವರ ದನಿ ಬಂತು. "ಏ ಜೀ, ಮೊದ್ಲು ಒಳಗೆ ಕರೀರಿ, ಕೂರ್ಸಿ, ನೀರ್ ಕೊಡಿ. ಬಯ್ಯೋದು ಎಲ್ಲೋಯ್ತದೆ?"

ಸಾಹೇಬರು ಅವನನ್ನು ಎಳೆದು ಅಪ್ಪಿಕೊಂಡರು. ಇಬ್ಬರ ಮೈಗೂ ಹತ್ತಿ ಮೆತ್ತಿತು. ಇದು ಯಾವುದೂ ಟೇಪಿನಲ್ಲಿಲ್ಲ, ಯಂತ್ರ ಇನ್ನೂ ಜೀಪಿನಲ್ಲೇ ಇತ್ತು. ಹೊಸಬರು ಕೇಳುವುದುಂಟು, ಅಂಥ ಗಳಿಗೆ ಕೈತಪ್ಪಿಹೋಯಿತಲ್ಲ ಎಂದು. ನನಗೆ ಒಂದು ದಿನವೂ ಹಾಗನ್ನಿಸಿಲ್ಲ. ಯಂತ್ರ ಎದುರಿಗಿದ್ದಿದ್ದರೆ ಸಾಹೇಬರು ಅಷ್ಟು ಚೆನ್ನಾಗಿ ಬಯ್ಯುತ್ತಿರಲಿಲ್ಲ.

ನೀರು, ಚಹಾ, ಹುರಿಹಿಟ್ಟು ಎಲ್ಲ ಆದ ಮೇಲೆ ಸಾಹೇಬರು ಕ್ಲಾರಿನೆಟ್ ಜೋಡಿಸಿ ಹಳೆಯ ಡ್ಯಾನ್ಸ್ ಹಾಲಿನ ಮಟ್ಟೊಂದನ್ನು ಶುರುಮಾಡಿದರು. ದೊರೆಸ್ವಾಮಿ ನಮ್ಮ ಯಂತ್ರ ತರಲು ಓಡಿದ. ಮಟ್ಟು ಏರುತ್ತ ಏರುತ್ತ ಒಂದು ಕಡೆ ಥಟ್ಟನೆ ನಿಂತಿತು. ಸಾಹೇಬರು ಕ್ಲಾರಿನೆಟ್ ಕೆಳಗಿಳಿಸಿ ಚೆನ್ನಪ್ಪನ ಮುಖ ನೋಡಿದರು.

"ತುಟಿ ಇಲ್ಲ ಕಣಣ್ಣ" ಎಂದ ಚೆನ್ನಪ್ಪ.

"ನಂಗೇನು ತುಟಿ ಬೇಕಾಗಿಲ್ಲ."

ಮತ್ತೆ ಮೊದಲಿಂದ ಊದಿಕೊಂಡು ಬಂದು ಅದೇ ಜಾಗದಲ್ಲಿ ನಿಂತರು. ಈ ಸಲ ಚೆನ್ನಪ್ಪ ಬಾಯಿ ತೆರೆದ. ಮಧುಗಿರಿಯ ಹೋಟೆಲಿನಲ್ಲಿ ಅಂಜುತ್ತ ಬಂದದ್ದು ಇಲ್ಲಿ ಮಾಡು ಹಾರಿಹೋಗುವ ಹಾಗೆ ಬಂತು. ಕ್ಲಾರಿನೆಟ್ ಅದರ ಕೆಳಗೆ ಸೇರಿಕೊಂಡಿತು. ಒಬ್ಬರು ಕೇಳಿದರೆ ಇನ್ನೊಬ್ಬರು ಹೇಳಿದರು, ಒಬ್ಬರು ಕೆಣಕಿದರೆ ಇನ್ನೊಬ್ಬರು ನಕ್ಕರು. ಓಣಿಯ ಜನವೆಲ್ಲ ಬಾಗಿಲಿಗೆ ಬಂದರು. ದೊರೆಸ್ವಾಮಿ ಬೇಗ ಬೇಗ ತಂತಿ ಸಿಕ್ಕಿಸಿ, ಮುಕ್ಕಾಲು ಪಾಲನ್ನು ಹಿಡಿದ.

ಆಮೇಲೆ ನಾನು ಚೆನ್ನಪ್ಪನನ್ನು ಮಾತನಾಡಿಸಿದೆ. ಸಾಹೇಬರ 'ಒಬ್ಬನಾದ್ರೂ ಗೆದ್ದ' ಎಂಬ ಮಾತಿಗೆ ಅವನೇ ಯಂತ್ರದ ಮುಂದೆ ಉತ್ತರ ಕೊಟ್ಟ. ಬೊಂಬಾಯಿಯ ಸ್ಟುಡಿಯೋದಲ್ಲಿ ತನ್ನನ್ನು ಯಾವಾಗಲೂ ಕಡೆಯ ಸಾಲಿನಲ್ಲಿ ಕೂರಿಸುತ್ತಿದ್ದರು ಎಂದ. ಊದುವಾಗ ತನ್ನ ಮುಂದೆ ನೂರು ಪಿಟೀಲುಗಳಿದ್ದರೂ ತನಗೆ ಕೇಳುತ್ತಿದ್ದದ್ದು ರಜಾಕಣ್ಣನ ಕ್ಲಾರಿನೆಟ್ಟೇ ಎಂದ. ಸಾಹೇಬರು ಅದನ್ನು ಕೇಳಿ ಮೂಗು ಒರೆಸಿಕೊಂಡರು. ಆ ಸದ್ದೂ ಟೇಪಿನಲ್ಲಿ ಬಂತು.

ರಾಘವಾಚಾರ್ಯರು ಪೂರ್ತಿ ಕೇಳಿದರು. ಕೇಳುತ್ತ ತೊಡೆಯ ಮೇಲೆ ತಾಳ ಹಾಕಲು ಹೋಗಿ ಎರಡು ಸಲ ತಪ್ಪಿದರು. "ಸಮ ಎಲ್ಲಿದೆಯಮ್ಮ ಇದಕ್ಕೆ? ಹಿಡಿಯಲು ಹೋದರೆ ಜಾರಿಕೊಳ್ಳುತ್ತದೆ" ಎಂದು ನಕ್ಕುಬಿಟ್ಟರು. ಬೊಂಬಾಯಿಯ ಮಾತು ಹಾಗೇ ಇರಲಿ, ಅದರ ಬೆನ್ನಿಗೇ ಚೆನ್ನಪ್ಪನ ದನಿ ಬರಲಿ ಎಂದು ಅವರೇ ಜೋಡಣೆ ಹೇಳಿಕೊಟ್ಟರು. ಮುಕ್ಕಾಲು ಮಾತು, ಕಾಲು ವಾದ್ಯ ಎಂಬ ತಮ್ಮ ಲೆಕ್ಕವನ್ನು ತಾವೇ ಮರೆತರು.

ಪ್ರಸಾರದ ಸಂಜೆ ನಾನು ಸ್ಟುಡಿಯೋದಲ್ಲಿರಲಿಲ್ಲ. ರಜೆ ಹಾಕಿ ಬಸ್ಸು ಹತ್ತಿ ಶಿರಾಕ್ಕೆ ಹೋದೆ. ಊರಿನ ಪಾರ್ಕಿನಲ್ಲಿ ಕಂಬಕ್ಕೆ ಕಟ್ಟಿದ ಧ್ವನಿವರ್ಧಕದಲ್ಲಿ ರೇಡಿಯೋ ಹಾಕುತ್ತಿದ್ದರು. ರಜಾಕ್ ಸಾಹೇಬರು, ಚೆನ್ನಪ್ಪ, ಪಾವಗಡದಿಂದ ಬಂದ ನರಸಿಂಹುಲು ಮೂವರೂ ಕಟ್ಟೆಯ ಮೇಲೆ ಕುಳಿತಿದ್ದರು. ಅಂಗಡಿಯವರು, ಹಾಸಿಗೆ ಹೊಲಿಯುವವರು, ಬುಕ್ಕಾಪಟ್ಟಣದ ಕಡೆಯಿಂದ ಕುರಿ ಮಾರಲು ಬಂದಿದ್ದ ಕಂಬಳಿ ಹೊದ್ದ ಮುದುಕರು, ಯಾರ್ಯಾರೋ ಸೇರಿದ್ದರು. ಸಾಹೇಬರ ದನಿ, 'ಒಬ್ಬನಾದ್ರೂ ಗೆದ್ದ' ಎಂದಿತು. ಅದರ ಬೆನ್ನಿಗೇ ಚೆನ್ನಪ್ಪನ ದನಿ, 'ಇಲ್ಲ ಕಣಣ್ಣ, ನಾನು ಹೊಳವನಹಳ್ಳೀಲಿ ರಾಗಿ ಬೀಸ್ತಾ ಇವ್ನಿ' ಎಂದಿತು. ಪಾರ್ಕೆಲ್ಲ ಘೊಳ್ಳೆಂದು ನಕ್ಕಿತು. ಚೆನ್ನಪ್ಪನೂ ನಕ್ಕ. ನಾನು ಹೆದರಿದ್ದ ನಗು ಅದಾಗಿರಲಿಲ್ಲ.

ಆಮೇಲೆ ಕ್ಲಾರಿನೆಟ್, ಅದರ ಹಿಂದೆಯೇ ಚೆನ್ನಪ್ಪನ ಬಾಯಿ. ಜನ ಮಾತು ನಿಲ್ಲಿಸಿ ಕೇಳಿದರು. ಮುಗಿದು ಪೇಟೆ ಧಾರಣೆ ಶುರುವಾಗುತ್ತಿದ್ದ ಹಾಗೆ ಕಂಬಳಿಯ ಮುದುಕರೊಬ್ಬರು ಎದ್ದು ರೇಡಿಯೋ ನೋಡಿಕೊಳ್ಳುವವನ ಹತ್ತಿರ ಹೋದರು. "ಏನಪ್ಪಾ, ಅದ್ಯಾರೋ ಬಾಯಾಗೆ ತುತ್ತೂರಿ ಊದುದ್ರಲ್ಲಾ, ಶ್ಯಾನೆ ಚೆಂದಾಗಿತ್ತು. ಇನ್ನೊಂದು ಕಿತ ಹಾಕು."

"ಅಂಗೆಲ್ಲಾ ಹಾಕಾಕೆ ಬರಲ್ಲ ತಾತ. ಅದು ಬೆಂಗ್ಳೂರಿಂದ ಬರ್ತದೆ. ಹೋದ್ರೆ ಹೋಯ್ತು."

ಮುದುಕರು ಪೆಚ್ಚಾಗಿ ನಿಂತರು. ಕಟ್ಟೆಯ ಮೇಲಿಂದ ಚೆನ್ನಪ್ಪ ಎದ್ದ. ಪಂಚೆ ಕೊಡವಿ ಕಟ್ಟಿಕೊಂಡು, "ಬೆಂಗ್ಳೂರಿಂದ ಯಾಕೆ ಬರ್ಬೇಕು? ನಾನಿಲ್ಲೇ ಇವ್ನಲ್ಲಾ ಯಜಮಾನ್ರೇ" ಎಂದ. ರೇಡಿಯೋದವನು ಪೇಟೆ ಧಾರಣೆಯನ್ನು ನಿಲ್ಲಿಸಿದ. ನರಸಿಂಹುಲು ಕಟ್ಟೆಯ ಕಲ್ಲಿನ ಮೇಲೆ ಬೆರಳಿಟ್ಟರು. ರಜಾಕ್ ಸಾಹೇಬರು ಕ್ಲಾರಿನೆಟ್ ತಂದಿರಲಿಲ್ಲ, ಅಂಗೈ ತಟ್ಟಿ ಲಯ ಕೊಟ್ಟರು. ಚೆನ್ನಪ್ಪ ಬಾಯಿಗೆ ಕೈ ಅಡ್ಡ ಹಿಡಿಯದೆ, ಹಲ್ಲಿಲ್ಲದ ಬಾಯನ್ನು ಇಡೀ ಶಿರಾಕ್ಕೆ ಕಾಣುವ ಹಾಗೆ ತೆರೆದು, ಊದತೊಡಗಿದ.